ತಾರಸಿಯ ಮೇಲೊಂದು ಹಂಡೆ

ನಾನು ಹುಟ್ಟಾ ಚಿಂತೆಯ ಮನುಷ್ಯ. ಮನೆಗೆ ಬೀಗ ಹಾಕಿ ಸ್ಟೇಷನ್ನಿನವರೆಗೆ ಹೋದವನು, ಬೀಗ ಜಗ್ಗಿ ನೋಡಿದೆನೋ ಇಲ್ಲವೋ ಎಂದು ಹಿಂದಿರುಗಿ ಬಂದು, ಹಾಗೆ ಬಂದದ್ದರಿಂದ ಲೋಕಲ್ ತಪ್ಪಿಸಿಕೊಂಡು, ತಪ್ಪಿದ ಲೋಕಲ್ಲಿಗೇನಾದರೂ ಆಗಿಬಿಟ್ಟರೆ ಮನೆಯವರು ನಾನು ಅದರಲ್ಲೇ ಇದ್ದೆ ಎಂದು ಅತ್ತುಬಿಡುತ್ತಾರಲ್ಲ ಎಂದು ಮುಂದಿನ ಲೋಕಲ್ಲಿನಲ್ಲಿ ಕುಳಿತು ಬೆವರುವ ಜಾತಿ. ಇಂಥ ನಾನು ಜೀವಮಾನದಲ್ಲಿ ಒಂದೇ ಒಂದು ಸಲ, ಒಂದು ಚೂರೂ ಚಿಂತೆಯಿಲ್ಲದೆ, ಎದೆ ತಟ್ಟಿಕೊಂಡು ಮಾತು ಕೊಟ್ಟೆ.

"ಅಮ್ಮ, ಈ ದೀಪಾವಳಿಗೆ ನಿನಗೆ ಮುಲುಂಡಿನಲ್ಲೇ ಹಂಡೆ ಸ್ನಾನ!"

ಹಂಡೆ ಎಂದರೆ ಏನು ಮಹಾ? ಒಂದು ತಾಮ್ರದ ಪಾತ್ರೆ. ಅದಕ್ಕೆ ನೀರು ತುಂಬುವುದು, ಕೆಳಗೆ ಬೆಂಕಿ ಹಾಕುವುದು. ಬೆಂಕಿ ತನ್ನ ಕೆಲಸ ತಾನು ಮಾಡುತ್ತದೆ, ನೀರು ತನ್ನ ಕೆಲಸ ತಾನು ಮಾಡುತ್ತದೆ. ನಡುವೆ ಮನುಷ್ಯ ಮಾಡಬೇಕಾದ್ದು ಏನೂ ಇಲ್ಲ ಎಂದೇ ನಾನು ತಿಳಿದಿದ್ದೆ. ನಡುವೆ ಮನುಷ್ಯ ಇದ್ದಾನೆ ಎಂಬುದೇ ತೊಂದರೆ ಎಂದು ಆಮೇಲೆ ತಿಳಿಯಿತು!

ಅರವತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ವಿಕ್ರೋಳಿಯ ಒಂದು ಕಾರ್ಖಾನೆಯ ಆಫೀಸಿನಲ್ಲಿ ಗುಮಾಸ್ತ. ಮುಲುಂಡಿನ ಒಂದು ಬಿಲ್ಡಿಂಗಿನ ಮೇಲಿನ ಮಾಳಿಗೆಯಲ್ಲಿ ನಾನು, ನನ್ನ ಹೆಂಡತಿ ವಾರಿಜಾ, ಒಂದು ಪ್ರೈಮಸ್ ಸ್ಟೌ, ಇಷ್ಟು ಜನರ ಸಂಸಾರ. ಸ್ಟೌ ಅನ್ನು ಜನರಲ್ಲಿ ಸೇರಿಸಿದ್ದೇಕೆಂದರೆ ಮನೆಯಲ್ಲಿ ಅತಿ ಹೆಚ್ಚು ಸದ್ದು ಮಾಡುತ್ತಿದ್ದುದೂ, ಅತಿ ಹೆಚ್ಚು ಮುನಿಸಿಕೊಳ್ಳುತ್ತಿದ್ದುದೂ ಅದೇ. ಉಡುಪಿಯಲ್ಲಿ ಅಣ್ಣನ ಮನೆಯಲ್ಲಿದ್ದ ಅಮ್ಮ ಆ ವರ್ಷ ಮಳೆಗಾಲ ಮುಗಿಯುತ್ತಲೇ ಮೊದಲ ಸಲ ಬೊಂಬಾಯಿಗೆ ಬಂದಿದ್ದಳು. ನಾನು ಊರು ಬಿಟ್ಟ ಮೇಲೆ ಒಂದು ದೀಪಾವಳಿಗೂ ಅವಳ ಜೊತೆ ಇರಲಾಗಿರಲಿಲ್ಲ. ಮೊದಲು ಹೋಟೆಲಿನಲ್ಲಿದ್ದೆ, ಹಬ್ಬ ಬಂದರೆ ಹೋಟೆಲಿನವರಿಗೆ ಕೆಲಸ ಜಾಸ್ತಿ. ಆಮೇಲೆ ಆಫೀಸು ಸೇರಿದೆ. ಅಲ್ಲಿ ಲಕ್ಷ್ಮೀಪೂಜೆಗೆ ಒಂದು ದಿನ ರಜೆ, ಆ ಒಂದು ದಿನದಲ್ಲಿ ಉಡುಪಿಯ ಬಸ್ಸು ಅರ್ಧ ದಾರಿಯನ್ನೂ ಮುಟ್ಟುವುದಿಲ್ಲ. ಈ ಸಲ ಅಮ್ಮನೇ ಬಂದಿದ್ದಾಳೆ, ಹಬ್ಬ ಮುಗಿಸಿಯೇ ಕಳಿಸುವುದು ಎಂದು ನಾನೂ ವಾರಿಜೆಯೂ ಮನಸ್ಸಿನಲ್ಲೇ ಮಂಡಿಗೆ ತಿಂದಿದ್ದೆವು.

ಅಮ್ಮ ನಮ್ಮ ಬಾತ್‌ರೂಮು ನೋಡಿದಳು.

ಅದರಲ್ಲಿ ಕುಳಿತರೆ ಮೊಣಕಾಲು ಬಾಗಿಲಿನ ಹೊರಗೆ, ನಿಂತರೆ ತಲೆ ಬಲ್ಬಿಗೆ. ಸ್ಟೌವಿನ ಮೇಲೆ ಕಾಯಿಸಿದ ಅರ್ಧ ಬಕೆಟ್ ನೀರಿಗೆ ಅರ್ಧ ಬಕೆಟ್ ತಣ್ಣೀರು ಬೆರೆಸಿದರೆ ನಮ್ಮ ಸ್ನಾನ ಮುಗಿಯಿತು. ಅಮ್ಮ ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಾ ಹೊರಬಂದು, ತೀರ್ಪು ಕೊಡುವವಳಂತೆ ಹೇಳಿದಳು:

"ಮಗಾ, ದಿನಾ ಮೀಯಲಿಕ್ಕೆ ಇದು ಹೇಗೂ ಆಗ್ತದೆ. ದೀಪಾವಳಿಗೆ ಆಗ್ಲಿಕ್ಕಿಲ್ಲ. ಹಬ್ಬಕ್ಕೆ ಮೊದಲು ನನ್ನನ್ನು ಬಸ್ಸು ಹತ್ತಿಸಿಬಿಡು."

"ಅಮ್ಮ, ಇಲ್ಲಿಯೂ ಹಬ್ಬ ಉಂಟು. ಪಟಾಕಿ ಉಂಟು, ಆಕಾಶಬುಟ್ಟಿ ಉಂಟು..."

"ಹಂಡೆ ಉಂಟಾ?"

ಹಂಡೆ ಎಂದ ಕೂಡಲೇ ನನಗೂ ಊರಿನ ನಮ್ಮ ಬಚ್ಚಲುಮನೆ ನೆನಪಾಯಿತು. ತ್ರಯೋದಶಿಯ ಸಂಜೆ ನೀರು ತುಂಬುವ ಹಬ್ಬ. ಅಮ್ಮ ಹುಣಿಸೆಹಣ್ಣು ಹಚ್ಚಿ ಹಂಡೆಯನ್ನು ತಿಕ್ಕಿ ಸೂರ್ಯನಂತೆ ಮಾಡಿರುತ್ತಿದ್ದಳು. ಅದರ ಕೊರಳಿಗೆ ಕಹಿ ಹಿಂಡಲೆಕಾಯಿಯ ಬಳ್ಳಿ, ಸುತ್ತ ಶೇಡಿಮಣ್ಣಿನ ಬಿಳಿ ರಂಗೋಲಿ. ಅಪ್ಪ ಜಾಗಟೆ ಬಾರಿಸುತ್ತಿದ್ದಂತೆ ಬಾವಿಯಿಂದ ಸೇದಿದ ನೀರು ತುಂಬಿ ತುಳುಕಬೇಕು. ಮರುದಿನ ನಸುಕಿಗೆ ಅಮ್ಮ ನಮ್ಮೆಲ್ಲರನ್ನೂ ಸಾಲಾಗಿ ಮಣೆಯ ಮೇಲೆ ಕೂರಿಸಿ, ನೆತ್ತಿಗೆ ಎಣ್ಣೆ ತಟ್ಟಿ, ಚರ್ಮ ಕೆಂಪಾಗುವಂಥ ಬಿಸಿ ನೀರು ಹೊಯ್ಯುವಳು. ಅಪ್ಪ, ಅಣ್ಣಂದಿರು, ನಾನು, ನೆಂಟರು, ಎಲ್ಲರದೂ ಮುಗಿದ ಮೇಲೆ ಅವಳ ಸರದಿ. ಅಷ್ಟು ಹೊತ್ತಿಗೆ ನಾವು ಸಿಹಿ ಅವಲಕ್ಕಿಯ ಎದುರು ಕುಳಿತಾಗಿರುತ್ತಿತ್ತು. ಅವಳು ಯಾವಾಗ ಮಿಂದಳು, ಹೇಗೆ ಮಿಂದಳು, ನಾವು ನೋಡಿದವರಲ್ಲ.

ಆಗಲೇ ನಾನು ಎದೆ ತಟ್ಟಿಕೊಂಡದ್ದು.

ವಾರಿಜಾ ಅಡುಗೆಮನೆಗೆ ಕರೆದು ಮೆಲ್ಲಗೆ ಕೇಳಿದಳು: "ಹಂಡೆ ಎಲ್ಲಿಂದ ತರ್ತೀರಿ?"

"ನಿನ್ನ ಅಣ್ಣನ ಹೋಟೆಲಿನಿಂದ."

"ಅದು ಹೋಟೆಲಿನ ಹಂಡೆ ಮಾರಾಯ್ರೆ! ಮನೆಗೆ ಆಗುವಂಥದ್ದಲ್ಲ."

"ಹಂಡೆ ದೊಡ್ಡದಾದಷ್ಟೂ ಹಬ್ಬ ದೊಡ್ಡದು" ಎಂದೆ. ಆ ವಾಕ್ಯವನ್ನು ನನ್ನ ಹೆಂಡತಿ ಇಂದಿಗೂ ಮರೆತಿಲ್ಲ. ಮರೆಯಲು ನನಗೂ ಬಿಟ್ಟಿಲ್ಲ.

ವಾರಿಜೆಯ ಅಣ್ಣ, ಅಂದರೆ ನನ್ನ ಭಾವ, ಬಾಂದ್ರಾದಲ್ಲಿ ಹೋಟೆಲು ಇಟ್ಟಿದ್ದ. ಅವನ ತಂದೆಯ ಕಾಲದಲ್ಲಿ ನೀರು ಕಾಯಿಸುತ್ತಿದ್ದ ತಾಮ್ರದ ಹಂಡೆ, ಬಾಯ್ಲರು ಬಂದ ಮೇಲೆ ಹಿತ್ತಲಲ್ಲಿ ಬೋರಲು ಬಿದ್ದಿತ್ತು. ನಾನು ಅದರ ಬಾಯಿಯನ್ನು ಗೇಣಿನಲ್ಲಿ ಅಳೆದೆ. ನಮ್ಮ ಬಾತ್‌ರೂಮಿನ ಬಾಗಿಲನ್ನು ಮನೆಯಲ್ಲೇ ಅಳೆದು ಬಂದಿದ್ದೆ. ಎರಡು ಬೆರಳು ಜಾಗ ಉಳಿಯುತ್ತಿತ್ತು. ಚಿಂತೆಯ ಮನುಷ್ಯ ಎಂದರೆ ಹೀಗೆ ಮುಂಜಾಗ್ರತೆ ಇರುತ್ತದೆ!

"ಟೆಂಪೋ ಮಾಡಿ ಭಾವಾ" ಎಂದ ಅವನು.

"ಬೇಡ. ಟೆಂಪೋದವನು ಎತ್ತಿ ಹಾಕಿದರೆ ನೆಗ್ಗಿಹೋಗ್ತದೆ. ನಾನೇ ಲೋಕಲ್ಲಿನಲ್ಲಿ ಜೋಪಾನವಾಗಿ ಒಯ್ಯುತ್ತೇನೆ."

ಭಾವ ನನ್ನನ್ನೊಮ್ಮೆ, ಹಂಡೆಯನ್ನೊಮ್ಮೆ ನೋಡಿ, ಒಂದು ಗೋಣಿ ತೆಂಗಿನ ಗೆರಟೆಯನ್ನೂ ಕೊಟ್ಟ. "ಒಲೆಗೆ ಆಗ್ತದೆ. ಮತ್ತೆ... ಮನೆ ಮುಟ್ಟಿದ ಮೇಲೆ ಯಾರ ಹತ್ತಿರವಾದರೂ ಹೇಳಿ ಕಳಿಸಿ" ಎಂದ. ಮುಟ್ಟುತ್ತೇನೆಂಬ ನಂಬಿಕೆ ಅವನ ದನಿಯಲ್ಲಿರಲಿಲ್ಲ.

ಬಾಂದ್ರಾದಿಂದ ಮುಲುಂಡಿಗೆ ಹೋಗುವವನು ದಾದರಿನಲ್ಲಿ ಇಳಿದು, ಸೇತುವೆ ದಾಟಿ, ಸೆಂಟ್ರಲ್ ಲೈನಿನ ಗಾಡಿ ಹಿಡಿಯಬೇಕು. ದಾದರಿನ ಸೇತುವೆಯ ಮೇಲೆ ಬರಿಗೈಯವನಿಗೇ ತನ್ನ ಕಾಲು ಯಾವುದು, ಪರರ ಕಾಲು ಯಾವುದು ತಿಳಿಯುವುದಿಲ್ಲ. ಅಲ್ಲಿ ನಾನು ಗೆರಟೆಯ ಗೋಣಿಯನ್ನು ಬಗಲಿಗೆ ಒತ್ತಿ, ಹಂಡೆಯನ್ನು ತಲೆಯ ಮೇಲೆ ಬೋರಲು ಹಾಕಿಕೊಂಡು ಹೊರಟೆ. ಸದರಿ ಹಂಡೆಯು ನನ್ನ ಭುಜದವರೆಗೂ ಇಳಿಯಿತು. ಮುಂದೆ ಏನೂ ಕಾಣುತ್ತಿರಲಿಲ್ಲ, ಕೆಳಗೆ ನನ್ನ ಚಪ್ಪಲಿ ಮಾತ್ರ. ಹೊರಗಿನವರು ಬೈದ ಬೈಗುಳಗಳು ಒಳಗೆ ಗುಂಯ್‌ಗುಟ್ಟಿ, ಒಂದೊಂದೂ ಎರಡೆರಡು ಸಲ ಕೇಳಿಸುತ್ತಿದ್ದವು. ಯಾರೋ ಪುಣ್ಯಾತ್ಮ ಹಂಡೆಯ ಮೇಲೆ ಬೆರಳಿನಿಂದ ತಟ್ಟಿ, "ಅಂದರ್ ಕೌನ್ ಹೈ?" ಎಂದು ವಿಚಾರಿಸಿದ. "ಮೈ ಹೂಂ" ಎಂದೆ. ಅವನಿಗೆ ಸಮಾಧಾನವಾಯಿತು.

ಲಗೇಜು ಡಬ್ಬಿಯಲ್ಲಿ ಮೀನು ಮಾರಿ ಮನೆಗೆ ಹೊರಟಿದ್ದ ಹೆಂಗಸರು ತುಂಬಿದ್ದರು. ಅವರಲ್ಲೊಬ್ಬಳು ಕಚ್ಚೆ ಸೀರೆಯ ದಪ್ಪ ಹೆಂಗಸು ಕೇಳಿದಳು: "ಏವ್ಢಾ ಮೋಠಾ ಹಂಡಾ! ಲಗ್ನ ಆಹೆ ಕಾಯ್?" ಇಷ್ಟು ದೊಡ್ಡ ಹಂಡೆ, ಮದುವೆಯೇ?

"ನಾಹಿ, ದಿವಾಳಿ. ಆಯಿ... ಆಂಘೋಳ್..." ಎಂದೆ. ಅಮ್ಮನ ಸ್ನಾನಕ್ಕೆ ಎನ್ನಲು ನನ್ನ ಮರಾಠಿ ಅಷ್ಟೇ ಇದ್ದದ್ದು.

"ಆಯಿಸಾಠಿ?" ಅಮ್ಮನಿಗಾಗಿ ಎಂದು ತಿಳಿದು ಅವಳಿಗೆ ಎಷ್ಟು ಸಂತೋಷವಾಯಿತೆಂದರೆ, ಪಕ್ಕದವಳನ್ನು ತಳ್ಳಿ ನನ್ನ ಹಂಡೆಗೆ ಜಾಗ ಮಾಡಿಕೊಟ್ಟಳು. ಆಮೇಲೆ ಅಷ್ಟೇ ಸಂತೋಷದಿಂದ ತನ್ನ ಒದ್ದೆ ಬುಟ್ಟಿಯನ್ನು ಹಂಡೆಯೊಳಗೆ ಇಳಿಸಿ, ಅದರ ಅಂಚಿಗೆ ಒರಗಿ ನಿದ್ದೆಹೋದಳು!

ಗಂಗಾಪೂಜೆಯ ಹಂಡೆ. ಒಳಗೆ ಮೀನಿನ ಬುಟ್ಟಿ. ಜಾಗ ಕೊಟ್ಟವಳನ್ನು ಎಬ್ಬಿಸಿ "ತೆಗೆ" ಎನ್ನಲು ಬಾಯಿ ಬರಲಿಲ್ಲ. ಕುರ್ಲಾ, ಘಾಟ್‌ಕೋಪರ್, ವಿಕ್ರೋಳಿ, ಭಾಂಡೂಪ್. ಒಂದೊಂದು ಸ್ಟೇಷನ್ ಬಂದಾಗಲೂ ಅವಳು ಇಳಿಯಲಿ ಎಂದು ನಾನು ಉಡುಪಿಯ ಕೃಷ್ಣನನ್ನು ಬೇಡಿದೆ. ಅವಳು ಇಳಿಯುವುದು ಮುಲುಂಡೂ ದಾಟಿ ಠಾಣಾದಲ್ಲಿ. ಮುಲುಂಡಿನಲ್ಲಿ ನಾನೇ ಎಬ್ಬಿಸಿದೆ. ಅವಳು ಬುಟ್ಟಿ ಎತ್ತಿಕೊಂಡು, ಹಂಡೆಯನ್ನು ಬಾಗಿಲಿನವರೆಗೆ ಉರುಳಿಸಿಕೊಟ್ಟು, "ಆಯಿಲಾ ನಮಸ್ಕಾರ್ ಸಾಂಗಾ" ಎಂದು ಅಮ್ಮನಿಗೆ ನಮಸ್ಕಾರ ಹೇಳಿಕಳಿಸಿ ಕೈಬೀಸಿದಳು.

ಮನೆಗೆ ಬಂದವನೇ ಅಮ್ಮ ನೋಡುವ ಮೊದಲೇ ಹುಣಿಸೆಹಣ್ಣು, ಬೂದಿ, ಸೋಪು ಹಾಕಿ ಗ್ಯಾಲರಿಯಲ್ಲಿ ಕುಳಿತು ಹಂಡೆಯನ್ನು ತಿಕ್ಕಿದ್ದೇ ತಿಕ್ಕಿದ್ದು. ಅಮ್ಮ ಬಂದು ಹಂಡೆಯ ಬಾಯಿಯ ಹತ್ತಿರ ಬಗ್ಗಿದಳು. ನಾನು ಇನ್ನಷ್ಟು ಜೋರಾಗಿ ತಿಕ್ಕಿದೆ.

"ಎಂತದೋ... ನಮ್ಮ ಮಲ್ಪೆ ಬಂದರಿನ ಕಡೆಯ ಗಾಳಿ ಬೀಸಿದ ಹಾಗೆ ಆಯ್ತಲ್ಲ! ಊರ ಹಂಡೆಯೇ ಇರಬೇಕು" ಎಂದಳು ಅಮ್ಮ, ಕಣ್ಣರಳಿಸಿ.

"ಹೌದು, ಊರಿನದೇ" ಎಂದೆ. ನಾನು ಜೀವ ಉಳಿಸಿಕೊಂಡ ಸುಳ್ಳುಗಳಲ್ಲಿ ಅದು ಮುಖ್ಯವಾದದ್ದು.

ಇನ್ನು ಬಾತ್‌ರೂಮಿಗೆ ಇಳಿಸುವುದೊಂದು ಬಾಕಿ. ನಾನು ತಳ್ಳಿದೆ, ವಾರಿಜಾ ಎಳೆದಳು. ಹಂಡೆ ಬಾಗಿಲಿಗೆ ಬಂದು, ಬಾಗಿಲಿನ ಎರಡೂ ಕಡೆ ಹೊಟ್ಟೆ ಆನಿಸಿ, ಶಾಂತವಾಗಿ ನಿಂತುಬಿಟ್ಟಿತು. ಸದ್ದು ಕೇಳಿ ಪಕ್ಕದ ಮನೆಯ ದೇಸಾಯರು ಬಂದರು. ಧಾರವಾಡದವರು, ಪರರ ಕಷ್ಟ ನೋಡಲು ಯಾವಾಗಲೂ ಮುಂದು.

"ಏನ್ರೀ ರಾಯರ, ಅಳತಿ ಮಾಡಿ ತಂದಿಲ್ಲೇನು?"

"ಅಳೆದಿದ್ದೆ ಸ್ವಾಮಿ! ಎರಡು ಬೆರಳು ಉಳಿಯುತ್ತಿತ್ತು."

"ಏನ್ ಅಳದ್ರಿ?"

"ಬಾಯಿ."

ದೇಸಾಯರು ಹಂಡೆಯ ಹೊಟ್ಟೆಯನ್ನು ಸವರಿ, ನನ್ನ ಹೊಟ್ಟೆಯನ್ನೂ ಒಮ್ಮೆ ನೋಡಿದರು. "ನಿಮಗೂ ಬಾಯಿ ಸಣ್ಣದೈತ್ರೀ. ಹಂಗಂತ ಬಾಯಿ ಅಳತೀ ಮ್ಯಾಲ ಅಂಗಿ ಹೊಲಸ್ತೀರೇನು?"

ಅಮ್ಮ ಒಳಗೆ ಹೋಗಿ ತನ್ನ ಟ್ರಂಕಿನ ಮುಚ್ಚಳ ತೆರೆದಳು. ಅವಳು ಸೀರೆ ಮಡಚುತ್ತಾ, "ಪಾಪ, ನೀನು ಬಹಳ ಕಷ್ಟಪಟ್ಟಿ ಮಗಾ. ಸಾಕು. ಬಸ್ಸು ನಾಳೆಗುಂಟಾ, ನಾಡಿದ್ದಿಗುಂಟಾ ಕೇಳಿ ಬಾ" ಎಂದಳು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಆಗ ವಾರಿಜಾ ಮೇಲೆ ಬೆರಳು ತೋರಿಸಿದಳು. "ತಾರಸಿ!"

ಮೂರ್ಖನಾದ ನನಗೆ ಅದು ಹೊಳೆದೇ ಇರಲಿಲ್ಲ! ನಮ್ಮ ಮೇಲೆಯೇ ತಾರಸಿ. ಅಲ್ಲಿ ಇಡೀ ಬಿಲ್ಡಿಂಗಿನ ನೀರಿನ ಟಾಕಿ. ಟಾಕಿಯ ಬುಡದಲ್ಲಿ, ತಾರಸಿ ತೊಳೆಯಲೆಂದು ಒಂದು ಹಿತ್ತಾಳೆಯ ನಲ್ಲಿ. ನೀರು ಹೋಗಲು ಮೋರಿ. ಬಯಲು, ಗಾಳಿ, ಬೆಳಕು. ಹಂಡೆಗೆ ಬಾಗಿಲೇ ಇಲ್ಲದ ಬಚ್ಚಲುಮನೆ! ಟ್ರಂಕಿನ ಮುಚ್ಚಳ ಮತ್ತೆ ಮುಚ್ಚಿಕೊಂಡಿತು.

ತಾರಸಿಯ ಬೀಗದ ಕೈ ಇದ್ದದ್ದು ಬಿಲ್ಡಿಂಗಿನ ಸೆಕ್ರೆಟರಿ ಸಾಠೆಯವರ ಹತ್ತಿರ. ಕೆಳಮಾಳಿಗೆಯ ಸಾಠೆ ಒಳ್ಳೆಯವರು. ಆದರೆ ನೀರಿನ ವಿಷಯದಲ್ಲಿ ತಮ್ಮ ಹೆಂಡತಿಯನ್ನೂ ನಂಬುತ್ತಿರಲಿಲ್ಲ. ನಮಗೆ ದಿನಕ್ಕೊಮ್ಮೆ ಸಂಜೆ ನೀರು ಬರುತ್ತಿತ್ತು. ಅದನ್ನು ಪಂಪಿನಿಂದ ಟಾಕಿಗೆ ಏರಿಸಿದರೆ ಮರುದಿನದ ಸಂಜೆಯವರೆಗೆ ಅದೇ ಎಲ್ಲರ ಜೀವ. ಅವರು ಬಹಳ ಹೊತ್ತು ಯೋಚಿಸಿ, ಆಯಿಯ ಹಬ್ಬ ಎಂಬ ಒಂದೇ ಕಾರಣಕ್ಕೆ ಬೀಗದ ಕೈ ಕೊಟ್ಟರು.

"ಏಕ್ ಹಂಡಾ ಠೀಕ್ ಹೈ. ಲೇಕಿನ್ ನಲ್ ಬರಾಬರ್ ಬಂದ್ ಕರನಾ, ರಾವ್!"

"ಸಾಠೆಸಾಹೇಬ್," ಎಂದೆ ನಾನು ನಕ್ಕು, "ನಾನು ಬೀಗ ಜಗ್ಗಿ ನೋಡಲು ಸ್ಟೇಷನ್ನಿನಿಂದ ವಾಪಸು ಬರುವ ಮನುಷ್ಯ."

ತ್ರಯೋದಶಿಯ ಸಂಜೆ. ತಾರಸಿಯ ಮೇಲೆ ಮೂರು ಕಡೆ ಇಟ್ಟಿಗೆ ಪೇರಿಸಿ ಹಂಡೆ ಕೂರಿಸಿದೆವು. ಟಾಕಿ ತುಂಬಿದ ಮೇಲೆ ನಲ್ಲಿಗೆ ರಬ್ಬರ್ ಪೈಪು ಸಿಕ್ಕಿಸಿ ಹಂಡೆಯನ್ನೂ ತುಂಬಿದೆ. ತುಂಬಿ ತುಳುಕಿತು. ನಲ್ಲಿ ಬಂದ್ ಮಾಡಿದೆ. ಜಗ್ಗಿ ನೋಡಿದೆ. ಪೈಪಿನಲ್ಲಿ ಉಳಿದ ನೀರು ತೊಟ್ಟಿಕ್ಕಿ, ಹಂಡೆಯ ಸುತ್ತ ಅಮ್ಮ ಬಿಡಿಸಿದ್ದ ರಂಗೋಲಿ ಅಳಿಸೀತು ಎಂಬ ಮುಂಜಾಗ್ರತೆಯಿಂದ ಅದರ ತುದಿಯನ್ನು ಒಯ್ದು ಮೋರಿಯೊಳಗೆ ಇಳಿಬಿಟ್ಟೆ. ಇಲ್ಲಿಯವರೆಗೆ ನನ್ನ ನಡತೆಯಲ್ಲಿ ಯಾರೂ ತಪ್ಪು ಹುಡುಕಲಾರರು.

ಹಿಂಡಲೆಕಾಯಿ ಇಲ್ಲಿ ಹೇಗೆ ಸಿಗುತ್ತದೆ ಎಂದುಕೊಂಡಿದ್ದೆವು. ಮರಾಠಿಯವರಿಗೂ ಆ ದಿನ ಅದು ಬೇಕು. ಅವರು ಅದನ್ನು ಕಾರೀಟ್ ಎನ್ನುತ್ತಾರೆ, ಸ್ನಾನಕ್ಕೆ ಮೊದಲು ಹೆಬ್ಬೆರಳಿನಿಂದ ಒಡೆಯುತ್ತಾರೆ. ಬಳ್ಳಿ ಸಿಗದಿದ್ದರೂ ಕಾಯಿ ಬುಟ್ಟಿಗಟ್ಟಲೆ ಸಿಕ್ಕಿತು. ವಾರಿಜಾ ಅದನ್ನು ಸುತಳಿಯಲ್ಲಿ ಪೋಣಿಸಿ ಉದ್ದನೆಯ ಮಾಲೆ ಮಾಡಿದ್ದಳು. ಹಂಡೆಗೆ ಸುತ್ತಿಯೂ ಮಾಲೆ ಉಳಿಯಿತು.

"ಊರಲ್ಲಾದರೆ ಬಾವಿಯ ರಾಟೆಗೂ ಕಟ್ತೇವೆ," ಎಂದಳು ಅಮ್ಮ. "ನೀರು ಎಲ್ಲಿಂದ ಬಂತೋ ಅದಕ್ಕೆ ಮೊದಲ ಪೂಜೆ. ಇಲ್ಲಿ ನಿಮಗೆ ಬಾವಿ ಎಂದರೆ ಇದೇ ಅಲ್ವಾ? ಆ ನಲ್ಲಿಗೆ ಕಟ್ಟು. ಬಲಕ್ಕೆ ಸುತ್ತು, ಹಾಂ, ಪ್ರದಕ್ಷಿಣೆ. ಗಂಟೆ ನಿಲ್ಲಿಸಬಾರದು!"

ಅಪ್ಪನ ಜಾಗಟೆಯ ಜಾಗದಲ್ಲಿ ನನ್ನ ಬಲಗೈಯಲ್ಲಿ ಪೂಜೆಯ ಗಂಟೆ. ಎಡಗೈಯಲ್ಲಿ ಗಂಟೆ ಹಿಡಿದರೆ ನನಗೆ ತಾಳ ತಪ್ಪುತ್ತದೆ, ತಾಳ ತಪ್ಪಿದರೆ ಅಮ್ಮ ಒಪ್ಪುವವಳಲ್ಲ. ಆದ್ದರಿಂದ ಬಲಗೈಯಲ್ಲಿ ಗಣಗಣ ಎನ್ನಿಸುತ್ತಾ, ಎಡಗೈಯಲ್ಲಿ ಮಾಲೆ ಸುತ್ತಿದೆ. ಬಿಚ್ಚಿಹೋದರೆ ಅಪಶಕುನ ಎಂದು ನಲ್ಲಿಯ ಹಿಡಿಕೆಗೇ ಬಿಗಿಯಾಗಿ ಸುತ್ತಿ, ಇನ್ನೊಂದು ಸುತ್ತು ಹಾಕಿ ಎಳೆದು ಗಂಟು ಹಾಕಿದೆ. ವಾರಿಜಾ ಅರಿಸಿನ ಕುಂಕುಮ ಇಟ್ಟಳು. ಅಮ್ಮ ಆರತಿ ಬೆಳಗಿ, ಕಣ್ಣು ಮುಚ್ಚಿ, "ಗಂಗಾಮಾತೆ, ನನ್ನ ಮಗನ ಮನೆಯಲ್ಲಿ ನೀನು ಹರಿಯುತ್ತಾ ಇರಬೇಕು" ಎಂದು ಬೇಡಿಕೊಂಡಳು.

ದೇವರು ಕೆಲವು ಸಲ ತಡಮಾಡುವುದೇ ಇಲ್ಲ!

ಮಲಗುವ ಮುಂಚೆ ನಾನು ಮತ್ತೆ ತಾರಸಿಗೆ ಹೋಗಿ ಎಲ್ಲ ನೋಡಿ ಬಂದೆ. ಹಂಡೆಯ ಮುಚ್ಚಳ ಸರಿಯಾಗಿತ್ತು. ಗೆರಟೆಯ ಗೋಣಿ ಸರಿಯಾಗಿತ್ತು. ಬೆಂಕಿಪೊಟ್ಟಣ ಒಣಗಿತ್ತು. ನಲ್ಲಿಯನ್ನು ಮಾತ್ರ ಮುಟ್ಟಲಿಲ್ಲ. ಪೂಜೆಯಾದ ದೇವರನ್ನು ಜಗ್ಗಿ ನೋಡುವುದುಂಟೇ? ಹಾಸಿಗೆಯಲ್ಲಿ ಒರಗಿದಾಗ ಗೋಡೆಯಾಚೆಯ ಪೈಪಿನಲ್ಲಿ ಜುಳುಜುಳು ನೀರು ಇಳಿಯುವ ಸದ್ದು ಕೇಳಿಸಿತು. "ಎಷ್ಟು ಚಂದ ಅಲ್ವಾ ಮಗಾ? ಹಳ್ಳದ ಬದಿಯಲ್ಲಿ ಮಲಗಿದ ಹಾಗೆ ಆಗ್ತದೆ" ಎಂದಳು ಅಮ್ಮ. ಹೌದೆಂದು ನಾನು ಮಗುವಿನಂತೆ ನಿದ್ದೆಹೋದೆ. ಎಲ್ಲದಕ್ಕೂ ಹೆದರುವವನು ಆ ಒಂದಕ್ಕೆ ಹೆದರಲಿಲ್ಲ.

ಚತುರ್ದಶಿಯ ನಸುಕು. ಗೆರಟೆ ಧಗಧಗ ಉರಿಯಿತು. ಹಂಡೆಯಿಂದ ಆವಿ ಏಳತೊಡಗಿತು. ಅಮ್ಮ ನನ್ನನ್ನು ಮಣೆಯ ಮೇಲೆ ಕೂರಿಸಿ, ನೆತ್ತಿಗೆ ಎಣ್ಣೆ ತಟ್ಟಿ, ಮೈಗೆಲ್ಲ ಧಾರಾಳವಾಗಿ ಹಚ್ಚಿದಳು. ಅರೆಬೋಳು ತಲೆಯ ಮಗ ಚಡ್ಡಿಯಲ್ಲಿ, ಮುಲುಂಡಿನ ಆಕಾಶದ ಕೆಳಗೆ, ಎಣ್ಣೆಯಲ್ಲಿ ಹೊಳೆಯುತ್ತಾ ಕುಳಿತಿದ್ದಾನೆ. ಅಮ್ಮ ಏನೋ ಹಳೆಯ ಹಾಡು ಗುನುಗುತ್ತಿದ್ದಾಳೆ. ಇದಕ್ಕಿಂತ ಸುಖ ಏನು ಬೇಕು?

ಆಗ ಕೆಳಗಿನಿಂದ ಒಂದು ಕೂಗು. ಹಿಂದೆಯೇ ಇನ್ನೊಂದು. ಗ್ಯಾಲರಿಗಳ ಬಾಗಿಲುಗಳು ದಡದಡ ತೆರೆದುಕೊಂಡವು. ತಾರಸಿಯ ಅಂಚಿನಿಂದ ಬಗ್ಗಿ ನೋಡಿದೆ. ಪ್ರತಿ ಮಾಳಿಗೆಯಲ್ಲೂ ಜನ. ಎಲ್ಲರೂ ಪಂಚೆ, ಟವೆಲುಗಳಲ್ಲಿ. ಎಲ್ಲರ ಮೈಗೂ ಎಣ್ಣೆ! ಮರಾಠಿಯವರಿಗೂ ಆ ನಸುಕಿನಲ್ಲಿ ಎಣ್ಣೆಸ್ನಾನವೇ ಹಬ್ಬ. ಟಾಕಿ ತುಂಬಿದೆ ಎಂದು ಸಾಠೆಯವರೇ ಸಾರಿದ್ದರಿಂದ, ಬಕೆಟಿನಲ್ಲಿದ್ದ ನೀರನ್ನೆಲ್ಲ ಹಬ್ಬದ ಪಾತ್ರೆ ತೊಳೆಯಲು ಸುರಿದು ಎಲ್ಲರೂ ನಿಶ್ಚಿಂತರಾಗಿ ಎಣ್ಣೆ ಹಚ್ಚಿಕೊಂಡಿದ್ದರು. ಈಗ ನಲ್ಲಿ ತಿರುಗಿಸಿದರೆ ಬುಸ್ ಎಂದು ಗಾಳಿ ಬರುತ್ತಿತ್ತು.

ಸಾಠೆ ಟವೆಲು ಹಿಡಿದುಕೊಂಡು ಮೆಟ್ಟಿಲೇರಿ ಬಂದರು. ಅವರ ಹಿಂದೆ ಇಡೀ ಬಿಲ್ಡಿಂಗು. ಎಣ್ಣೆಯ ಅಂಗಾಲಿನಲ್ಲಿ ಇಬ್ಬರು ಮೆಟ್ಟಿಲಲ್ಲೇ ಜಾರಿ, ಹತ್ತಿದ್ದಕ್ಕಿಂತ ಹೆಚ್ಚು ಇಳಿದರು.

"ಅಹೋ ರಾವ್! ಪಾಣಿ ಕುಠೆ ಗೇಲಂ?" ನೀರೆಲ್ಲಿ ಹೋಯಿತು?

"ನನಗೇನು ಗೊತ್ತು? ನಾನು ಒಂದೇ ಹಂಡೆ..." ಎನ್ನುತ್ತಿದ್ದಂತೆ ದೇಸಾಯರು ಬಗ್ಗಿ, ಮಾಲೆ ಹಾಕಿಕೊಂಡ ನಲ್ಲಿಯನ್ನು ನೋಡಿದರು. ಪೈಪಿನ ಗುಂಟ ಕಣ್ಣು ಹಾಯಿಸಿದರು. ಮೋರಿಗೆ ಹೋದರು. ಪೈಪಿನ ತುದಿಯಿಂದ ಟಾಕಿಯ ಕೊನೆಯ ಹನಿ, ನಾವೆಲ್ಲ ನೋಡುತ್ತಿದ್ದಂತೆಯೇ, ತೊಟ್ಟಿಕ್ಕಿತು.

"ರಾಯರ, ಈ ಮಾಲಿ ಯಾರು ಕಟ್ಟಿದ್ರು?"

"ನಾನೇ."

"ಯಾವ ಕೈಲೆ?"

ನಾನು ಎಡಗೈ ಎತ್ತಿದೆ.

ದೇಸಾಯರ ಮುಖ ಬೆಳಗಿತು. "ಪ್ರದಕ್ಷಿಣಿ ಸುತ್ತಿದ್ರ ನಳ ಇನ್ನಷ್ಟು ಬಿಗಿ ಆಗ್ತಿತ್ರೀ! ನೀವು ಉಲ್ಟಾ ಸುತ್ತಿ ಎಳದೀರಿ. ಮಾಲಿ ಗಟ್ಟಿ ಆತು, ನಳ ತೆರೀತು! ಶಾಸ್ತ್ರ ಸುಳ್ಳಲ್ಲ ನೋಡ್ರಿ!"

ಶಾಸ್ತ್ರದ ಸತ್ಯ ಇಷ್ಟು ಜನರ ಎದುರು ಸಾಬೀತಾದದ್ದು ಅದೇ ಮೊದಲಿರಬೇಕು. ಸಾಠೆಯವರ ಎಣ್ಣೆ ಮುಖ ಕೆಂಪಾಯಿತು. ಅವರು ಶುರುಮಾಡಿದರು. ನಂಬಿಕೆ, ಜವಾಬ್ದಾರಿ, ಬಿಲ್ಡಿಂಗು, ಬೀಗದ ಕೈ, ಕಮಿಟಿಯ ಮೀಟಿಂಗು. ಮರಾಠಿ ಸಾಲದೆ ಹಿಂದಿ, ಹಿಂದಿ ಸಾಲದೆ ಇಂಗ್ಲಿಷು. ಸೂರ್ಯ ಹುಟ್ಟುವ ಮೊದಲು ಎಣ್ಣೆಸ್ನಾನ ಆಗದಿದ್ದರೆ ನರಕವಂತೆ. ನನ್ನಿಂದಾಗಿ ಇಡೀ ಬಿಲ್ಡಿಂಗು ಒಟ್ಟಿಗೆ ನರಕಕ್ಕೆ ಹೊರಟಿತ್ತು. ಅಮ್ಮನ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ಈಗ ಬಸ್ಸು ಹತ್ತಿಸುವುದು ಅವಳನ್ನಲ್ಲ, ನನ್ನನ್ನು.

ಅಮ್ಮನಿಗೆ ಮರಾಠಿಯೂ ಬಾರದು, ಹಿಂದಿಯೂ ಬಾರದು. ಅವಳು ಸಾಠೆಯವರ ಮಾತನ್ನು ಒಂದಿಷ್ಟು ಹೊತ್ತು ಕೇಳಿ, "ಇವರು ಎಂತಕ್ಕೆ ಬೊಬ್ಬೆ ಹೊಡೆಯುವುದು?" ಎಂದು ನನ್ನನ್ನು ಕೇಳಿದಳು.

"ನೀರಿಲ್ಲ ಅಂತ ಅಮ್ಮ. ಎಲ್ಲರಿಗೂ ಎಣ್ಣೆ ಹಚ್ಚಿ ಆಗಿದೆ. ನನ್ನಿಂದ..."

"ನೀರಿಲ್ಲದ್ದು ಎಂತ? ಇಷ್ಟು ದೊಡ್ಡ ಹಂಡೆ ಉಂಟಲ್ಲ!" ಅಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿದಳು. ಸಾಠೆಯವರ ರಟ್ಟೆ ಹಿಡಿದು ಮಣೆಯ ಮೇಲೆ ಕೂರಿಸಿಯೇಬಿಟ್ಟಳು. "ತಲೆಗೆ ಎಣ್ಣೆ ಇಟ್ಟುಕೊಂಡು ಸಿಟ್ಟು ಮಾಡಬಾರದು ಮಗಾ, ಉಷ್ಣ ಏರ್ತದೆ" ಎನ್ನುತ್ತಾ, ಒಂದು ತಂಬಿಗೆ ಬಿಸಿನೀರನ್ನು ಅವರ ನೆತ್ತಿಯ ಮೇಲೆ ಹೊಯ್ದಳು.

"ಆಯೀ ಗ!" ಎಂದರು ಸಾಠೆ. ಎರಡನೆಯ ತಂಬಿಗೆಗೆ ಅವರು ಕಣ್ಣು ಮುಚ್ಚಿದರು. ಮೂರನೆಯದಕ್ಕೆ, ಕಮಿಟಿ ಮೀಟಿಂಗು ನೀರಿನೊಡನೆ ಮೋರಿಯಲ್ಲಿ ಹರಿದುಹೋಯಿತು!

ಆಮೇಲೆ ನಡೆದದ್ದು ನಮ್ಮ ಬಿಲ್ಡಿಂಗಿನಲ್ಲಿ ಅದುವರೆಗೆ ನಡೆಯದ ಹಬ್ಬ. ಹೆಂಗಸರಿಗೆಲ್ಲ ವಾರಿಜಾ ಬಕೆಟಿನಲ್ಲಿ ಹದವಾಗಿ ಅಳೆದು ಕೆಳಗೆ ಕಳಿಸಿದಳು. ಗಂಡಸರು ಸಾಲಾಗಿ ಬಂದು ಮಣೆಯ ಮೇಲೆ ಕುಳಿತರು. ತಲೆಗೆ ಮೂರು ತಂಬಿಗೆ, ಅದಕ್ಕಿಂತ ಹೆಚ್ಚಿಲ್ಲ. ಯಾರಾದರೂ ಇನ್ನೊಂದು ಎಂದರೆ ಅಮ್ಮ ಬೆನ್ನಿಗೆ ಒಂದು ಹೊಡೆದು ಎಬ್ಬಿಸುವಳು. ದೇಸಾಯರು ಹೊಡೆತವನ್ನೂ ಪ್ರಸಾದವೆಂದೇ ಸ್ವೀಕರಿಸಿ, "ಅವ್ವಾರ, ಧಾರವಾಡ ಬಿಟ್ಟ ಮ್ಯಾಲೆ ಇಂಥಾ ಸ್ನಾನ ಆಗಿದ್ದಿಲ್ರೀ" ಎಂದು ಕೈಮುಗಿದರು. ಯಾವತ್ತೂ ತಮಾಷೆ ಮಾಡದೆ ನಿಲ್ಲದ ಅವರ ಬಾಯಿ ಅಷ್ಟಕ್ಕೇ ನಿಂತಿತು. ನನ್ನ ಕೆಲಸ ಒಲೆ ಊದುವುದು. ಎಣ್ಣೆ ಮೈಗೆ ಬೂದಿ ಹಾರಿ ಕೂತು, ನಾನು ನರಕಾಸುರನ ಹತ್ತಿರದ ಸಂಬಂಧಿಯಂತೆ ಕಾಣುತ್ತಿದ್ದೆ.

ಮೂಡಲು ಕೆಂಪಾಗುವ ಹೊತ್ತಿಗೆ ಎಲ್ಲರೂ ಇಳಿದುಹೋದರು. ತಾರಸಿಯ ಮೇಲೆ ಉಳಿದದ್ದು ನಾನು, ಅಮ್ಮ, ಹಂಡೆ. ಅಮ್ಮ ಹಂಡೆಯನ್ನು ಬಾಗಿಸಿ, ಕೆರೆದು, ತಳದಲ್ಲಿದ್ದುದನ್ನು ತುಂಬಿಕೊಂಡಳು. ಒಂದು ತಂಬಿಗೆ. ಅದೂ ಕಂಠದವರೆಗೆ ಇಲ್ಲ.

"ಬಾ, ಕೂತುಕೋ" ಎಂದಳು.

"ನಿನಗೆ?"

"ನನಗೆಂತ? ಅಲ್ಲಿಯೂ ಕೊನೆಗೆ ನನಗೆ ಇಷ್ಟೇ ಉಳಿಯುತ್ತಿದ್ದದ್ದು. ಕೆಲವು ವರ್ಷ ಇದೂ ಇಲ್ಲ. ನನಗೆ ಅಭ್ಯಾಸ ಉಂಟು ಮಗಾ."

ಅವಳು ಅದನ್ನು ದೂರಿನಂತೆ ಹೇಳಲಿಲ್ಲ. ಹಂಡೆಯ ಸ್ವಭಾವವೇ ಅದು ಎಂಬಂತೆ ಹೇಳಿದಳು. ನಾನು ಅವಲಕ್ಕಿಯ ಎದುರು ಕುಳಿತಿದ್ದ ಅಷ್ಟೂ ದೀಪಾವಳಿಗಳು ನನಗೆ ನೆನಪಾದವು. ಅಮ್ಮನ ಕೈಯಿಂದ ತಂಬಿಗೆ ಕಿತ್ತುಕೊಂಡೆ. ಅವಳನ್ನು ಮಣೆಯ ಮೇಲೆ ಕೂರಿಸಿ, ನೆತ್ತಿಗೆ ಒಂದು ಬೊಟ್ಟು ಎಣ್ಣೆ ಇಟ್ಟು, ಚೆಲ್ಲದ ಹಾಗೆ ಎಚ್ಚರದಿಂದ ಹೊಯ್ದೆ. ಬಲಗೈಯಿಂದಲೇ ಹೊಯ್ದೆ!

"ಬಿಸ್ಸಿ ಉಂಟು" ಎಂದಳು ಅಮ್ಮ, ನೀರಿಳಿಯುವ ಮುಖದಲ್ಲಿ ನಗುತ್ತಾ. ಅಷ್ಟರಲ್ಲಿ ಸೂರ್ಯ ಬಂದ.

ಕೆಳಗಿಳಿದಾಗ ಟ್ರಂಕು ಹಾಸಿಗೆಯ ಅಡಿಗೆ ಹೋಗಿತ್ತು. "ಬಸ್ಸು ವಿಚಾರಿಸಲಾ ಅಮ್ಮ?" ಎಂದು ಹೆದರುತ್ತಾ ಕೇಳಿದೆ. "ಈಗ ಎಂತ ಬಸ್ಸು? ಕೆಳಗಿನ ಹೆಂಗಸರಿಗೆ ತುಳಸಿಪೂಜೆಗೆ ಕರೆದಾಗಿದೆ. ಅವರು ಹೇಳುವುದು ನನಗೆ ತಿಳಿಯುವುದಿಲ್ಲ, ನಾನು ಹೇಳುವುದು ಅವರಿಗೆ ತಿಳಿಯುವುದಿಲ್ಲ. ಜಗಳಕ್ಕೆ ಜಾಗವೇ ಇಲ್ಲ. ಆದರೆ ತುಳಸಿಪೂಜೆಯ ಯಾವ ಕೆಲಸಕ್ಕೂ ನೀನು ಕೈ ಹಾಕಬೇಡ."

ಬಿಲ್ಡಿಂಗಿನವರೂ ಆ ದಿನವೇ ಒಮ್ಮತದಿಂದ ಎರಡು ತೀರ್ಮಾನ ಮಾಡಿದರು: ಪ್ರತಿ ವರ್ಷ ಆಯಿಯ ಹಂಡೆ ತಾರಸಿಯ ಮೇಲೆ ಇರತಕ್ಕದ್ದು, ರಾವ್ ಅವರು ಆ ದಿನ ನಲ್ಲಿಯ ಹತ್ತಿರ ಸುಳಿಯಕೂಡದು.

ಸಂಜೆಯವರೆಗೆ ನೀರಿಲ್ಲ. ಆಫೀಸಿಗೆ ರಜೆಯಿಲ್ಲ. ಟವೆಲಿನಿಂದ ಬೂದಿ ಒರೆಸಿಕೊಂಡೆ; ಎಣ್ಣೆ ಒರೆಸಿದಷ್ಟೂ ಹರಡಿತು. ಮೆಟ್ಟಿಲಲ್ಲಿ ದೇಸಾಯರು ಸಿಕ್ಕರು. "ಸ್ನಾನ ಆಗಲಿಲ್ಲ ಸ್ವಾಮಿ. ನರಕ ಖಂಡಿತ ಅಂತಾರಲ್ಲ!" ಎಂದು ನನ್ನ ಚಿಂತೆ ತೋಡಿಕೊಂಡೆ.

"ದಿನಾ ಲೋಕಲ್‌ನ್ಯಾಗ ಹೋಗೋರಿಗೆ ನರಕ ಏನ್ ಹೊಸಾದ್ರೀ?" ಎಂದರು ಅವರು. ಬಾಯಿ ಮತ್ತೆ ಸರಿಯಾಗಿತ್ತು.

ಮುಲುಂಡ್ ಸ್ಟೇಷನ್ನಿನಲ್ಲಿ ಎಂದಿನ ಗರ್ದಿ. ಎಂದಿನಂತೆ ಬಾಗಿಲಲ್ಲಿ ಜನರ ಗೋಡೆ. ನಾನು ಸುಮ್ಮನೆ ಭುಜ ಆನಿಸಿದೆ, ಅಷ್ಟೇ. ಪಕ್ಕದವನ ಅಂಗಿ, ಎದುರಿನವನ ತೋಳು, ಎಲ್ಲರ ನಡುವಿನಿಂದ ಒಂದು ಚೂರೂ ತಡೆಯಿಲ್ಲದೆ ಜಾರಿ ಒಳಗೆ ಸೇರಿಬಿಟ್ಟೆ! ಇಷ್ಟು ವರ್ಷಗಳಲ್ಲಿ ಮೊದಲ ಸಲ ಯಾರೂ ನನ್ನ ಮೇಲೆ ಒರಗಲಿಲ್ಲ, ಒರಗಿದವರು ನಿಲ್ಲಲಿಲ್ಲ. ವಿಕ್ರೋಳಿ ಬಂದಾಗ ಇಳಿಯುವ ಪ್ರಯತ್ನವನ್ನೂ ನಾನು ಮಾಡಬೇಕಾಗಲಿಲ್ಲ. ಹಿಂದಿನವರು ಒಮ್ಮೆ ಉಸಿರು ಬಿಟ್ಟರು, ನಾನು ಪ್ಲಾಟ್‌ಫಾರ್ಮಿನ ಮೇಲಿದ್ದೆ.

ಗಾಡಿ ಹೊರಟಿತು. ಇಡೀ ದಿನದಲ್ಲಿ ನಾನು ಸರಿಯಾಗಿ ಮಾಡಿದ ಒಂದೇ ಕೆಲಸ ಇದು ಎಂದು ಹೆಮ್ಮೆಯಿಂದ ಮುಂದಕ್ಕೆ ಹೆಜ್ಜೆ ಇಟ್ಟೆ. ಒಂದು ಕಾಲಿನ ಚಪ್ಪಲಿ ಕುರ್ಲಾದ ಕಡೆಗೆ ಹೋಗಿತ್ತು.